ಡಾಲಿ ಓಣಿಯ ಚಪ್ಪಲಿ ಅಂಗಡಿ: ಹದಿಮೂರು ತಿಂಗಳು ಮೆಟ್ಟಿ ನೋಡಿದ ಮೇಲೆ

ಈ ಚಪ್ಪಲಿ ಕೊಂಡು ಹದಿಮೂರು ತಿಂಗಳಾಯಿತು. 85 ಸಾವಿರ ಇಂಡೋನೇಷ್ಯಾ ರುಪಿಯಾ ಕೊಟ್ಟಿದ್ದೆ. ನಮ್ಮ ದುಡ್ಡಿನಲ್ಲಿ 450 ರೂಪಾಯಿ ಹತ್ತಿರ. ಕಂದು ಬಣ್ಣ, ಎರಡು ಅಡ್ಡ ಬಾರು, ಪಾದದ ಕೆಳಗೆ ಮೆತ್ತನೆ ಹಾಸು. ಮಾರ್ಕೆಟ್‌ಗೆ, ಮಗಳ ಶಾಲೆಗೆ, ಸಂಜೆ ವಾಕಿಂಗ್‌ಗೆ ಎಲ್ಲದಕ್ಕೂ ಇದನ್ನೇ ಮೆಟ್ಟಿದ್ದೇನೆ. ಅಟ್ಟೆ ಇನ್ನೂ ಗಟ್ಟಿಯಾಗಿದೆ. ಬಾರಿನ ಹೊಲಿಗೆ ಒಂದು ಎಳೆಯೂ ಬಿಟ್ಟಿಲ್ಲ. ಮಳೆಗಾಲದ ಮೊದಲ ತಿಂಗಳಲ್ಲಿ ಎಡಗಾಲಿನದ್ದು ಮುಂದುಗಡೆ ಬಾಯಿ ಬಿಟ್ಟಿತು. ಈ ಊರಿನಲ್ಲಿ ಜೋರು ಮಳೆ ಬಂದರೆ ರಸ್ತೆಯಲ್ಲಿ ನೀರು ನಿಲ್ಲುತ್ತದೆ, ಅದರಲ್ಲಿ ನಡೆದರೆ ಯಾವ ಅಂಟೂ ತಡೆಯುವುದಿಲ್ಲ. ವಾಪಸ್ ತೆಗೆದುಕೊಂಡು ಹೋದೆ. ಬಿಲ್ ಕೇಳಲಿಲ್ಲ, ಯಾವಾಗ ಕೊಂಡಿರಿ ಅಂತಲೂ ಕೇಳಲಿಲ್ಲ. ಹಳೇ ಅಂಟು ಕೆರೆದು ಹೊಸದು ಹಚ್ಚಿದರು, ಸುತ್ತ ಒಂದು ಸಾಲು ಹೊಲಿಗೆ ಹಾಕಿದರು, ಒಂದು ರುಪಿಯಾ ತೆಗೆದುಕೊಳ್ಳಲಿಲ್ಲ. ಇಷ್ಟು ಕಡಿಮೆ ಬೆಲೆಯ ಚಪ್ಪಲಿಗೆ ಇಷ್ಟು ಚೆನ್ನಾಗಿ ನೋಡಿಕೊಂಡ ಅಂಗಡಿ ನನಗೆ ಬೇರೆ ಸಿಕ್ಕಿಲ್ಲ.

ಅಂಗಡಿ ಇರುವುದು ಇಂಡೋನೇಷ್ಯಾದ ಸುರಬಾಯಾ ನಗರದಲ್ಲಿ. ಸಾವಹಾನ್ ಭಾಗದ ಪುತಾತ್ ಜಾಯಾ ಬಡಾವಣೆ, ಅಲ್ಲಿ ಒಂದು ಓಣಿ. ಹೆಸರು ಗಾಂಗ್ ಡಾಲಿ. ಅಂಗಡಿಯ ಹೆಸರು ಬರೆಯುತ್ತಿಲ್ಲ. ಅಲ್ಲಿನ ಹೆಂಗಸರು ಬೇಡ ಅಂದರು. ಓಣಿಗೆ ಹೋಗಿ ಕೇಳಿದರೆ ಯಾರು ಬೇಕಾದರೂ ಕರೆದುಕೊಂಡು ಹೋಗಿ ಬಿಡುತ್ತಾರೆ.

ಡಾಲಿ ಅಂದ ಕೂಡಲೇ ಇಲ್ಲಿ ಹುಟ್ಟಿ ಬೆಳೆದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ನಾನು ಮೊದಲ ಸಲ ಬೈಕ್ ಟ್ಯಾಕ್ಸಿಯಲ್ಲಿ ಹೋದಾಗ ಓಡಿಸುವ ಹುಡುಗ ಎರಡು ಸಲ ವಿಳಾಸ ಕೇಳಿದ. ಕಾರಣ ಇದೆ. ಸುಮಾರು ಐವತ್ತು ವರ್ಷ ಆ ಓಣಿಯಲ್ಲಿ ಸೂಳೆಗಾರಿಕೆ ನಡೆಯುತ್ತಿತ್ತು. ಆಗ್ನೇಯ ಏಷ್ಯಾದಲ್ಲೇ ದೊಡ್ಡದು ಅಂತ ಅದಕ್ಕೆ ಹೆಸರಿತ್ತು. ಆ ಜಾಗ ಮೊದಲು ಚೀನಿಯರ ಸ್ಮಶಾನವಾಗಿತ್ತು. 1960ರ ದಶಕದಲ್ಲಿ ಡಾಲಿ ಎಂಬ ಡಚ್ ಮೂಲದ ಹೆಂಗಸು ಮೊದಲ ಮನೆ ತೆರೆದಳು, ಅದಕ್ಕೇ ಈ ಹೆಸರು ಅಂತ ಇಲ್ಲಿಯವರು ಹೇಳುತ್ತಾರೆ. ಆ ಮನೆಗಳಿಗೆ ವಿಸ್ಮಾ ಅನ್ನುತ್ತಿದ್ದರು. ಮುಂದುಗಡೆ ದೊಡ್ಡ ಗಾಜು, ಗಾಜಿನ ಹಿಂದೆ ಸೋಫಾ, ಸೋಫಾದ ಮೇಲೆ ಹುಡುಗಿಯರು. ಜನ ಅದನ್ನು ಅಕ್ವೇರಿಯಂ ಅಂತ ಕರೆಯುತ್ತಿದ್ದರು. ಅದೇ ಸಾಲಿನಲ್ಲಿ ಅಕ್ಕಪಕ್ಕ ಸಂಸಾರಸ್ಥರ ಮನೆಗಳು. ಮಕ್ಕಳು ಆ ಗಾಜುಗಳ ಮುಂದೆಯೇ ಶಾಲೆಗೆ ಹೋಗಬೇಕಿತ್ತು.

2014ರ ಜೂನ್ 18ರಂದು ಅದನ್ನು ಮುಚ್ಚಿದರು. ಆಗ ಮೇಯರ್ ಆಗಿದ್ದವರು ತ್ರಿ ರಿಸ್ಮಾಹರಿನಿ, ಈ ಊರಿನ ಮೊದಲ ಮಹಿಳಾ ಮೇಯರ್. ಘೋಷಣೆ ಮಾಡಿದ್ದು ಊರಿನ ಇಸ್ಲಾಮಿಕ್ ಸೆಂಟರ್‌ನಲ್ಲಿ. ರಂಜಾನ್ ತಿಂಗಳಿಗೆ ಹತ್ತು ದಿನ ಬಾಕಿ ಇತ್ತು. ಅಲ್ಲಿದ್ದ ಹೆಂಗಸರ ಸಂಖ್ಯೆ ಸಾವಿರದ ನಾನೂರು ದಾಟಿತ್ತು. ತಲೆಗೆ 50 ಲಕ್ಷದ 50 ಸಾವಿರ ರುಪಿಯಾ ಕೊಟ್ಟು ಊರಿಗೆ ಹೋಗಿ ಅಂದರು. ಅಂದಿನ ನಮ್ಮ ದುಡ್ಡಿನಲ್ಲಿ ಅದು 25 ಸಾವಿರ ರೂಪಾಯಿ. ಓಣಿಯವರು ಬೀದಿಗಿಳಿದು ವಿರೋಧಿಸಿದರು. ಪಾರ್ಕಿಂಗ್ ನೋಡಿಕೊಳ್ಳುವವರು, ಬಟ್ಟೆ ಒಗೆದು ಕೊಡುವವರು, ಊಟದ ಗಾಡಿಯವರು, ಎಲ್ಲರ ಹೊಟ್ಟೆಪಾಡೂ ಆ ಮನೆಗಳ ಮೇಲೇ ನಿಂತಿತ್ತು. ಆಗಿನ ಉಪ ಮೇಯರ್ ಕೂಡ ಈ ತೀರ್ಮಾನ ಒಪ್ಪಿರಲಿಲ್ಲ.

ಆಮೇಲೆ ನಗರಸಭೆ ಓಣಿಯ ಜನಕ್ಕೆ ಕೆಲಸ ಕಲಿಸಿತು. ಆರು ಅಂತಸ್ತಿನ ದೊಡ್ಡ ವಿಸ್ಮಾವನ್ನೇ ಕೊಂಡುಕೊಂಡು ಅಲ್ಲಿ ಚಪ್ಪಲಿ ಮಾಡುವ ಕೆಲಸ ಶುರು ಮಾಡಿಸಿತು. ಬೇರೆ ಗುಂಪುಗಳು ಬಾಟಿಕ್ ಬಟ್ಟೆಗೆ, ತೆಂಪೆಗೆ (ಹುದುಗಿಸಿದ ಸೋಯಾ ಕಾಳಿನ ತಿನಿಸು), ತಿಂಡಿಗಳಿಗೆ ಕೈಹಾಕಿದವು. ನಾನು ಹೋಗುವ ಅಂಗಡಿ ಆ ಅಲೆಯಲ್ಲಿ ಹುಟ್ಟಿದ ಒಂದು ಸಣ್ಣ ಗುಂಪಿನದು. ಹತ್ತು ಹನ್ನೆರಡು ಹೆಂಗಸರಿದ್ದಾರೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಹೊಲಿಗೆ ಯಂತ್ರ, ಅಚ್ಚು, ಅಂಟಿನ ಡಬ್ಬ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ತಪ್ಪು ತಿಳಿದು ಹೋಗುವವರು ಜಾಸ್ತಿ. ಆ ಹಳೇ ಕಸುಬು ಬಿಟ್ಟವರೇ ಈ ಚಪ್ಪಲಿ ಹೊಲಿಯುತ್ತಾರೆ ಅಂತ ಅಂದುಕೊಂಡು ನೋಡಲು ಬರುವವರಿದ್ದಾರೆ. ದಯವಿಟ್ಟು ಹಾಗೆ ಹೋಗಬೇಡಿ. ಗಾಜಿನ ಹಿಂದೆ ಕೂರುತ್ತಿದ್ದವರಲ್ಲಿ ಹೆಚ್ಚಿನವರು ಬೇರೆ ಜಿಲ್ಲೆಗಳಿಂದ ಬಂದವರು. ದುಡ್ಡು ತೆಗೆದುಕೊಂಡು ಅವರು ಹೊರಟುಹೋದರು. ಇಲ್ಲಿ ಕೂತು ಹೊಲಿಯುವವರು ಓಣಿಯ ಸಂಸಾರಸ್ಥ ಹೆಂಗಸರು, ಮೊದಲು ಆ ಮನೆಗಳಿಗೆ ಅಡುಗೆ ಮಾಡಿಕೊಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಬಾಗಿಲ ಮುಂದೆ ಸಿಗರೇಟ್ ಮಾರುತ್ತಿದ್ದವರು. ಫೋನ್ ಎತ್ತಿ ಅವರ ಮುಖದ ಫೋಟೊ ತೆಗೆಯುವ ಪ್ರವಾಸಿಗರನ್ನು ಕಂಡಾಗ ನನಗೆ ತುಂಬಾ ಬೇಜಾರಾಗುತ್ತದೆ.

ಹಾಗಾದರೆ ಹೊರಟುಹೋದವರು ಎಲ್ಲಿ? ಈ ಪ್ರಶ್ನೆ ನನ್ನನ್ನು ಅಲ್ಲಿಗೆ ಮತ್ತೆ ಮತ್ತೆ ಕರೆದುಕೊಂಡು ಹೋಯಿತು.

ನಾನು ನಂಜನಗೂಡಿನವಳು. ಗಂಡನ ಕೆಲಸ ಇಲ್ಲಿನ ನೂಲಿನ ಕಾರ್ಖಾನೆಯಲ್ಲಿ ಅಂತ ಬಂದವಳು. ಅದಕ್ಕೆ ಮೊದಲು ಏಳು ವರ್ಷ ಮೈಸೂರು ಕಡೆ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಆಪ್ತ ಸಮಾಲೋಚಕಿಯಾಗಿದ್ದೆ. ರಕ್ತ ಕೊಡುವ ಮುಂಚೆ, ರಿಪೋರ್ಟ್ ಬಂದ ಮೇಲೆ, ಎದುರಿಗೆ ಕೂತು ಮಾತಾಡುವುದು ನನ್ನ ಕೆಲಸ. ಮೈಸೂರಿನಲ್ಲಿ ಆಶೋದಯ ಸಮಿತಿ ಅಂತ ಇದೆ, ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿದ ಸಂಘ. 2004ರಲ್ಲಿ ಶುರುವಾದ ಕೆಲಸದಿಂದ ಬೆಳೆದದ್ದು. ಅವರೇ ಬಸ್ ಸ್ಟ್ಯಾಂಡ್‌ನಲ್ಲಿ, ಲಾಡ್ಜ್‌ಗಳಲ್ಲಿ ತಮ್ಮಂಥವರನ್ನು ಹುಡುಕಿ, ಕಾಂಡೋಮ್ ಕೊಟ್ಟು, ಪರೀಕ್ಷೆಗೆ ಜೊತೆಯಲ್ಲಿ ಕರೆದುಕೊಂಡು ಬರುತ್ತಿದ್ದರು. ಒಂದು ಹೋಟೆಲನ್ನೂ ನಡೆಸಿದ್ದರು. ಅವರ ಕೆಲಸ ನೋಡಲು ಏಷ್ಯಾದ ಬೇರೆ ದೇಶಗಳಿಂದಲೂ ಜನ ಬರುತ್ತಿದ್ದರು. ನಾನು ಹತ್ತು ಪುಸ್ತಕ ಓದಿ ಕಲಿಯದ್ದನ್ನು ಆ ಹೆಂಗಸರಿಂದ ಕಲಿತೆ. ಕಾಯಿಲೆ ಬಗ್ಗೆ ಹೇಳಬೇಕಾದರೆ ಮೊದಲು ಅವಳ ಮನೆ ಬಾಗಿಲು ಗೊತ್ತಿರಬೇಕು. ಅವಳ ಹೆಸರು, ಅವಳ ಮಗುವಿನ ಹೆಸರು, ಅವಳಿಗೆ ಬಿಡುವಾಗುವ ಹೊತ್ತು ಗೊತ್ತಿರಬೇಕು.

ಅದಕ್ಕೇ ಅಂಗಡಿಯ ಗೋಡೆ ನೋಡಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಗೋಡೆಯ ಮೇಲೆ ಎರಡು ಫೋಟೊ ಇವೆ. ಒಂದರಲ್ಲಿ ರಾತ್ರಿ, ಕೆಂಪು ನೀಲಿ ದೀಪ. ಇನ್ನೊಂದರಲ್ಲಿ ಹಗಲು, ಬಾಟಿಕ್ ಹಿಡಿದು ನಗುವ ಹೆಂಗಸರು. ಇವೆರಡರ ನಡುವೆ ಸಾವಿರದ ನಾನೂರು ಹೆಂಗಸರು ಮೂಟೆ ಕಟ್ಟಿಕೊಂಡು ಹೋದ ಫೋಟೊ ಇಲ್ಲ.

ಅಂಗಡಿಯಲ್ಲಿ ನನ್ನ ಜೊತೆ ಜಾಸ್ತಿ ಮಾತಾಡುವವರು ಇಬ್ಬರು. ಇಲ್ಲಿ ಹಿರಿಯ ಹೆಂಗಸರನ್ನು ಬು ಅಂತ ಕರೆಯುತ್ತಾರೆ, ನಾವು ಅಮ್ಮ ಅನ್ನುವ ಹಾಗೆ. ಅಕ್ಕನ ವಯಸ್ಸಿನವರಿಗೆ ಮ್ಬಾಕ್. ಹಜ್‌ಗೆ ಹೋಗಿ ಬಂದವರು ಬು ಹಾಜಿ. ಈ ಬು ಹಾಜಿಗೆ ಅರವತ್ತು ದಾಟಿದೆ. ಗುಂಪಿನ ಲೆಕ್ಕ, ದುಡ್ಡು ಎಲ್ಲ ಅವರದೇ. ಪ್ರತಿ ಗುರುವಾರ ಸಂಜೆ ಹೊಲಿಗೆ ಯಂತ್ರಗಳನ್ನು ಗೋಡೆಗೆ ಒತ್ತಿಟ್ಟು, ಚಾಪೆ ಹಾಸಿ, ಅದೇ ಕೋಣೆಯಲ್ಲಿ ಹೆಂಗಸರೆಲ್ಲ ಸೇರಿ ಕುರಾನಿನ ಯಾಸೀನ್ ಅಧ್ಯಾಯ ಓದಿಸುತ್ತಾರೆ. ಇನ್ನೊಬ್ಬರು ಬಾರು ಕತ್ತರಿಸುವ ಮ್ಬಾಕ್. ಓಣಿ ಮುಚ್ಚುವ ಮೊದಲು ಅವರು ಆರೋಗ್ಯ ಕಾರ್ಯಕರ್ತೆಯಾಗಿ ಮನೆ ಮನೆ ತಿರುಗುತ್ತಿದ್ದರು. ಅದು ಗೊತ್ತಾದ ದಿನ ನಾವಿಬ್ಬರೂ ಎರಡು ಗಂಟೆ ಮಾತಾಡಿದೆವು. ನನ್ನ ಅರ್ಧಂಬರ್ಧ ಇಂಡೋನೇಷ್ಯಾ ಭಾಷೆ ಅಡ್ಡ ಬರಲಿಲ್ಲ. ಒಂದೇ ಕೆಲಸ ಮಾಡಿದವರಿಗೆ ಬೇಗ ಅರ್ಥವಾಗುತ್ತದೆ.

ಇಲ್ಲಿ ಸರಕಾರಿ ಆರೋಗ್ಯ ಕೇಂದ್ರಕ್ಕೆ ಪುಸ್ಕೆಸ್ಮಾಸ್ ಅನ್ನುತ್ತಾರೆ. ಪುತಾತ್ ಜಾಯಾದ ಪುಸ್ಕೆಸ್ಮಾಸ್ ಓಣಿಗೆ ಹತ್ತಿರವೇ ಇದೆ. ಮ್ಬಾಕ್ ಹೇಳಿದ್ದು ಇಷ್ಟು. ಆಗ ಯಾವ ಮನೆಯಲ್ಲಿ ಎಷ್ಟು ಜನ, ಯಾರು ಹೊಸಬರು, ಯಾರಿಗೆ ಜ್ವರ ಎಲ್ಲ ಅವರಿಗೆ ಗೊತ್ತಿತ್ತು. ಪರೀಕ್ಷೆಯ ದಿನ ಬಾಗಿಲು ತಟ್ಟಿ ಕರೆದುಕೊಂಡು ಹೋಗುತ್ತಿದ್ದರು. ಕಾಂಡೋಮ್ ಇಲ್ಲದೆ ಬರುತ್ತೇನೆ ಅನ್ನುವ ಗಿರಾಕಿಗೆ ಇಲ್ಲ ಅನ್ನಲು ಹುಡುಗಿಗೆ ಆಗದಿದ್ದರೆ, ಮನೆ ನಡೆಸುವವರ ಹತ್ತಿರ ಹೋಗಿ ಜಗಳ ಆಡುತ್ತಿದ್ದರು. ಓಣಿ ಮುಚ್ಚಿದ ಮೇಲೆ ಹಲವರು ಫೋನ್ ಆ್ಯಪ್‌ಗೆ ಹೋದರು. ಮಿಚಾಟ್ ಅಂತ ಒಂದು ಆ್ಯಪ್ ಇದೆ, ಈ ದೇಶದಲ್ಲಿ ಆ ಹೆಸರು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಬಾಡಿಗೆ ಕೋಣೆ, ದಿನಕ್ಕೊಂದು ಹೋಟೆಲ್. "ಈಗ ಯಾವ ಬಾಗಿಲು ತಟ್ಟಲಿ?" ಅಂತ ಮ್ಬಾಕ್ ನನ್ನನ್ನೇ ಕೇಳಿದರು. ಬಾರು ಕತ್ತರಿಸುವ ಕೈ ನಿಲ್ಲಿಸಿರಲಿಲ್ಲ.

ಬು ಹಾಜಿ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಅವರ ಮಾತನ್ನೂ ಅಷ್ಟೇ ಗೌರವದಿಂದ ಬರೆಯಬೇಕು. ಅವರಿಗೆ ಮೂರು ಹೆಣ್ಣುಮಕ್ಕಳು. ಮೂವರೂ ಆ ಗಾಜುಗಳ ಮುಂದೆ ನಡೆದು ಶಾಲೆಗೆ ಹೋದವರು. ಮನೆ ಬಾಗಿಲಿಗೆ "ಇದು ಸಂಸಾರಸ್ಥರ ಮನೆ" ಅಂತ ಬೋರ್ಡ್ ಹಾಕಿಕೊಳ್ಳಬೇಕಿತ್ತು. ದೊಡ್ಡ ಮಗಳಿಗೆ ಬಂದ ಸಂಬಂಧ ವಿಳಾಸ ನೋಡಿ ತಪ್ಪಿಹೋಯಿತು. "ನಿಮ್ಮ ಮಗಳನ್ನು ಆ ದಾರಿಯಲ್ಲಿ ಒಂದು ದಿನ ಕಳಿಸುತ್ತಿದ್ದಿರಾ, ಬು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮೇಯರ್ ಕೂಡ ಮೊದಲು ಮುಚ್ಚಲು ಒಪ್ಪಿರಲಿಲ್ಲ. ಇಷ್ಟು ಜನಕ್ಕೆ ಅನ್ನ ಎಲ್ಲಿಂದ ತರುವುದು ಎಂಬುದು ಅವರ ಚಿಂತೆಯಾಗಿತ್ತು. ಆಮೇಲೆ ಮನಸ್ಸು ಬದಲಾಯಿಸಿದ್ದು ಮಕ್ಕಳಿಂದ. ಶಾಲೆಗೆ ಹೋಗುವ ಮಕ್ಕಳೂ ಗಿರಾಕಿಗಳಾಗುತ್ತಿದ್ದಾರೆ ಅಂತ ಗೊತ್ತಾದಾಗ ಅವರಿಗೆ ತಡೆಯಲಾಗಲಿಲ್ಲ.

ಧರ್ಮ ಬೇರೆ, ಆರೋಗ್ಯ ಬೇರೆ ಅಂತ ನಾವು ಕಚೇರಿಯಲ್ಲಿ ಕೂತು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜನ ಮುಸ್ಲಿಮರು. ಇದು ನಹ್ದತುಲ್ ಉಲಮಾ ಹುಟ್ಟಿದ ಊರು. 1926ರಲ್ಲಿ ಇಲ್ಲೇ ಶುರುವಾಗಿ ಇವತ್ತು ಕೋಟಿಗಟ್ಟಲೆ ಜನ ಇರುವ ಸಂಘಟನೆ ಅದು. ಅಂಗಡಿಯಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೇಳಿಸಿದರೆ ಅಂಟಿನ ಬ್ರಶ್ ಕೆಳಗಿಟ್ಟು ಏಳುತ್ತಾರೆ. ಇಂಥ ಕಡೆ ಕಾಂಡೋಮ್ ಬಗ್ಗೆ ಮಾತಾಡಬೇಕಾದರೆ ಅವರ ನಂಬಿಕೆಯ ಒಳಗಿನಿಂದಲೇ ಮಾತಾಡಬೇಕು.

ಹಾಗೆ ಮಾಡದಿದ್ದರೆ ಏನಾಗುತ್ತದೆ ಅಂತ 2013ರಲ್ಲಿ ಈ ದೇಶ ನೋಡಿತು. ಡಿಸೆಂಬರ್ 1ರ ಏಡ್ಸ್ ದಿನದಿಂದ ಒಂದು ವಾರ ರಾಷ್ಟ್ರೀಯ ಕಾಂಡೋಮ್ ವಾರ ಅಂತ ಇಟ್ಟುಕೊಂಡರು. ಒಬ್ಬ ನಟಿಯ ಮಾದಕ ಚಿತ್ರ ಬಳಿದ ಬಸ್ ರಸ್ತೆಗಿಳಿಯಿತು. ಧಾರ್ಮಿಕ ಸಂಘಟನೆಗಳು ಸಿಟ್ಟಾದವು. ಇದು ವ್ಯಭಿಚಾರಕ್ಕೆ ಕೊಡುವ ಆಹ್ವಾನ ಅಂದವು. ವಾರ ಮುಗಿಯುವ ಮೊದಲೇ ಕಾರ್ಯಕ್ರಮ ನಿಂತುಹೋಯಿತು. ಆಗ ಆರೋಗ್ಯ ಮಂತ್ರಿಯಾಗಿದ್ದ ನಫ್ಸಿಯಾ ಎಂಬೋಯ್ ಅದಕ್ಕೂ ಮೊದಲು ರಾಷ್ಟ್ರದ ಏಡ್ಸ್ ಆಯೋಗ ನಡೆಸಿದವರು, ವಿಷಯ ಚೆನ್ನಾಗಿ ತಿಳಿದ ಡಾಕ್ಟರ್. 2012ರಲ್ಲಿ ಮಂತ್ರಿಯಾದಾಗಲೇ ಕಾಂಡೋಮ್ ಬಗ್ಗೆ ನೇರವಾಗಿ ಮಾತಾಡಿ ಟೀಕೆ ಎದುರಿಸಿದ್ದರು. ಅವರ ಮಾತು ಸರಿಯಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಬಸ್ಸಿನ ಚಿತ್ರ ನೋಡಿ ಬು ಹಾಜಿಯಂಥವರು ಮುಖ ತಿರುಗಿಸಿದರೆ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಗಂಡನಿಂದ ಕಾಯಿಲೆ ಹತ್ತಿಸಿಕೊಂಡು, ಬಸುರಿಯಾದಾಗ ಮಾಡಿದ ಪರೀಕ್ಷೆಯಲ್ಲಿ ಅದು ಗೊತ್ತಾಗಿ ನನ್ನ ಎದುರು ಕೂತು ಅತ್ತ ಹೆಂಗಸರ ಮುಖ ನನಗೆ ಇವತ್ತಿಗೂ ನೆನಪಿದೆ. ಅವರಲ್ಲಿ ಒಬ್ಬಳೂ ಯಾವ ಓಣಿಗೂ ಹೋದವಳಲ್ಲ. ಆ ಬಸ್ಸಿನ ಮೇಲೆ ಅಂಥ ಹೆಂಡತಿಯ ಚಿತ್ರ ಬರೆದಿದ್ದರೆ ಮಾತು ಬೇರೆ ಕಡೆಯಿಂದ ಶುರುವಾಗುತ್ತಿತ್ತೋ ಏನೋ.

ಈಗ ಹೊಸ ದಂಡ ಸಂಹಿತೆ ಬಂದಿದೆ. 2022ರ ಡಿಸೆಂಬರ್ 6ರಂದು ಪಾಸಾಯಿತು, 2026ರ ಜನವರಿ 2ರಿಂದ ಜಾರಿ. ಮದುವೆಯಾಚೆಗಿನ ಸಂಬಂಧಕ್ಕೆ ಒಂದು ವರ್ಷದವರೆಗೆ ಜೈಲು. ಗಂಡ ಅಥವಾ ಹೆಂಡತಿ, ತಂದೆ ತಾಯಿ, ಇಲ್ಲವೇ ಮಕ್ಕಳು ದೂರು ಕೊಟ್ಟರೆ ಮಾತ್ರ ಕೇಸು. ಮಕ್ಕಳಿಗೆ ಗರ್ಭನಿರೋಧಕ ತೋರಿಸಿ ಪ್ರಚಾರ ಮಾಡಿದರೆ ದಂಡ, ಆದರೆ ಆರೋಗ್ಯ ಶಿಕ್ಷಣಕ್ಕಾಗಿ ಅಧಿಕಾರ ಪಡೆದವರಿಗೆ ವಿನಾಯಿತಿ ಇದೆ. ಕಾಗದದ ಮೇಲೆ ಆ ವಿನಾಯಿತಿ ಸಾಕು ಅನಿಸಬಹುದು. ಮ್ಬಾಕ್‌ಗೆ ಹಾಗೆ ಅನಿಸುವುದಿಲ್ಲ. ಕಾಯಿಲೆಗೆ ಹೆದರುವ ಹೆಂಗಸು ಇನ್ನು ಮೇಲೆ ಪೊಲೀಸರಿಗೂ ಹೆದರುತ್ತಾಳೆ, ಇಬ್ಬರಿಗೂ ಹೆದರುವವಳು ಪುಸ್ಕೆಸ್ಮಾಸ್ ಮೆಟ್ಟಿಲು ಹತ್ತುವುದಿಲ್ಲ ಅಂತ ಅವರ ಮಾತು. ಇಪ್ಪತ್ತು ಸಲ ಅಪಾಯಿಂಟ್‌ಮೆಂಟ್ ಕೊಟ್ಟರೂ ಬಾರದ ಹೆಂಗಸರನ್ನು ನಾನೂ ನೋಡಿದ್ದೇನೆ. ಕಾನೂನು ಹೇಗೇ ಇರಲಿ, ಯಾರಾದರೂ ನೋಡಿಬಿಟ್ಟರೆ ಎಂಬ ಭಯ ಒಂದೇ ಸಾಕು.

ಒಂದು ಗುರುವಾರ ಯಾಸೀನ್ ಮುಗಿದ ಮೇಲೆ ನನ್ನನ್ನೂ ಚಾಪೆಯ ಮೇಲೆ ಕೂರಿಸಿಕೊಂಡರು. ಬಿಸಿ ಟೀ, ತೆಂಪೆ ಚಿಪ್ಸ್. (ಈ ಚಿಪ್ಸ್ ಅಂಗಡಿಯಲ್ಲೇ ಮಾರುತ್ತಾರೆ, ಪೊಟ್ಟಣಕ್ಕೆ 15 ಸಾವಿರ. ನಮ್ಮಂಥ ಸಸ್ಯಾಹಾರಿಗಳಿಗೆ ಈ ಊರಿನಲ್ಲಿ ಇದು ದೊಡ್ಡ ಆಸರೆ.) ಆ ದಿನ ಬು ಹಾಜಿ ಒಂದು ಹದೀಸ್, ಅಂದರೆ ಪ್ರವಾದಿಯವರು ಹೇಳಿದ ಮಾತು, ಹೇಳಿದರು. ಬಾಯಾರಿ ಸಾಯುತ್ತಿದ್ದ ನಾಯಿಯೊಂದು ಬಾವಿ ಸುತ್ತ ತಿರುಗುತ್ತಿತ್ತು. ಬನೀ ಇಸ್ರಾಯೀಲರ (ಹಳೇ ಕಾಲದ ಇಸ್ರೇಲ್ ಕುಲದವರ) ಒಬ್ಬ ಸೂಳೆ ಅದನ್ನು ನೋಡಿದಳು. ತನ್ನ ಕಾಲಿನ ಮೆಟ್ಟು ಬಿಚ್ಚಿ, ತಲೆವಸ್ತ್ರಕ್ಕೆ ಕಟ್ಟಿ ಬಾವಿಗೆ ಇಳಿಬಿಟ್ಟು, ನೀರು ಸೇದಿ ಕುಡಿಸಿದಳು. ಅದಕ್ಕೇ ಅಲ್ಲಾಹು ಅವಳನ್ನು ಕ್ಷಮಿಸಿದ. ಹೇಳುವಾಗ ಬು ಹಾಜಿ ಕೈಯಲ್ಲಿ ಅರ್ಧ ಹೊಲಿದ ಒಂದು ಚಪ್ಪಲಿ ಇತ್ತು.

ಅದೇ ಕಥೆಯ ಮೇಲೆ ಜಗಳ ಶುರುವಾಯಿತು. ಜೋರು ದನಿಯ ಜಗಳ ಅಲ್ಲ, ಇಲ್ಲಿಯವರು ಹಾಗೆ ಆಡುವುದಿಲ್ಲ. ಬು ಹಾಜಿ ಅಂದರು, ಕ್ಷಮೆ ಸಿಕ್ಕಿದ್ದು ಅವಳಿಗೆ, ಅವಳ ಕಸುಬಿಗೆ ಸಿಗಲಿಲ್ಲ. ಆ ಕಸುಬು ನಡೆಯುವ ಮನೆಗೆ ಲೈಸೆನ್ಸ್ ಕೊಡಿ ಅಂತ ಎಲ್ಲೂ ಹೇಳಿಲ್ಲ. ಮ್ಬಾಕ್ ನಿಧಾನಕ್ಕೆ ಕೇಳಿದರು, "ಅವಳು ನಾಯಿಯನ್ನು ಯಾಕೆ ಇಲ್ಲಿಗೆ ಬಂದೆ ಅಂತ ಕೇಳಿದಳಾ, ಬು? ಮೊದಲು ನೀರು ಕೊಟ್ಟಳು, ಅಲ್ವಾ?" ಇನ್ನೊಬ್ಬ ಹುಡುಗಿ ಕುರಾನಿನ ಮಾತು ತೆಗೆದಳು. ನಿಮ್ಮ ಹೆಣ್ಣಾಳುಗಳನ್ನು ಸೂಳೆಗಾರಿಕೆಗೆ ಬಲವಂತ ಮಾಡಬೇಡಿ, ಬಲವಂತಕ್ಕೆ ಸಿಕ್ಕವರನ್ನು ಅಲ್ಲಾಹು ಕ್ಷಮಿಸುತ್ತಾನೆ ಅಂತ 24ನೇ ಅಧ್ಯಾಯದಲ್ಲಿದೆ. ಹಾಗಾದರೆ ಪಾಪ ಯಾರ ತಲೆಗೆ, ಮನೆ ನಡೆಸಿದವನ ತಲೆಗೆ ತಾನೇ, ಅವನಿಗೂ ಪರಿಹಾರ ಕೊಟ್ಟರಲ್ಲ ಅಂತ ಅವಳ ಸಿಟ್ಟು. ಅದು ನಿಜ. ಮನೆ ನಡೆಸುವ ದಲ್ಲಾಳಿಗಳಿಗೂ ತಲಾ 50 ಲಕ್ಷ ರುಪಿಯಾ ಕೊಟ್ಟಿದ್ದರು. ಹೆಂಗಸಿಗೆ ಸಿಕ್ಕಿದ್ದಕ್ಕೂ ಅವಳನ್ನು ಮಾರಿದವನಿಗೆ ಸಿಕ್ಕಿದ್ದಕ್ಕೂ 50 ಸಾವಿರ ರುಪಿಯಾ ವ್ಯತ್ಯಾಸ. ಇವತ್ತಿನ ಲೆಕ್ಕದಲ್ಲಿ ಒಂದು ಜೊತೆ ಚಪ್ಪಲಿಯೂ ಬರುವುದಿಲ್ಲ.

ಆಗ ಯಾರೋ ಡುಪಾಕ್ ಬಂಗುನ್‌ಸಾರಿಯ ಕಿಯಾಯಿ ಹೆಸರು ಎತ್ತಿದರು. ಕಿಯಾಯಿ ಅಂದರೆ ಇಲ್ಲಿನ ಧರ್ಮಗುರು. ಖೋಯ್ರೋನ್ ಶುಐಬ್ ಅಂತ ಅವರ ಹೆಸರು. ಅವರದೂ ಇದೇ ಊರು. ಆ ಬಡಾವಣೆಯೂ ಡಾಲಿಯಂಥದ್ದೇ ಆಗಿತ್ತು, 2012ರಲ್ಲಿ ಮುಚ್ಚಿತು. ಕಿಯಾಯಿ ಅಲ್ಲೇ ಬೆಳೆದು, ಅಲ್ಲೇ ಮದರಸಾ ನಡೆಸಿ, ಹತ್ತಾರು ವರ್ಷ ಆ ಹೆಂಗಸರಿಗೇ ಪಾಠ ಹೇಳಿದವರು. ಓಡಿಸುವ ಮಾತಾಡಲಿಲ್ಲ, ಹತ್ತಿರ ಕರೆದು ಕೂರಿಸಿಕೊಂಡರು. ನನ್ನ ಕೆಲಸದಲ್ಲಿ ನಾವು ಮನೆ ಭೇಟಿ ಅನ್ನುತ್ತಿದ್ದೆವಲ್ಲ, ಅವರು ಮಾಡಿದ್ದೂ ಅದೇ ಅಂತ ನನಗೆ ಅನಿಸಿತು. ಬು ಹಾಜಿಗೂ ಮ್ಬಾಕ್‌ಗೂ ಇಬ್ಬರಿಗೂ ಅವರ ಮೇಲೆ ಗೌರವ. ಆ ರಾತ್ರಿ ಇಬ್ಬರೂ ಒಪ್ಪಿದ ಹೆಸರು ಅದೊಂದೇ.

ಜಕಾರ್ತಾದಲ್ಲಿ ಕ್ರಮಾತ್ ತುಂಗಾಕ್ ಅಂತ ಇಂಥದ್ದೇ ಜಾಗ ಇತ್ತು. ಅದನ್ನು 1999ರಲ್ಲಿ ಮುಚ್ಚಿ ಅಲ್ಲಿ ದೊಡ್ಡ ಇಸ್ಲಾಮಿಕ್ ಸೆಂಟರ್ ಕಟ್ಟಿದರು. ಇಲ್ಲಿ ಚಪ್ಪಲಿ ಅಂಗಡಿ, ಬಾಟಿಕ್ ಅಂಗಡಿ ಬಂದವು. ನನಗೆ ಇದೇ ಮೇಲು. ಓಣಿಯ ಜನ ಓಣಿಯಲ್ಲೇ ಉಳಿದು ಮರ್ಯಾದೆಯಿಂದ ದುಡಿಯುತ್ತಿದ್ದಾರೆ. ಬು ಹಾಜಿಯ ಮೊಮ್ಮಕ್ಕಳು ರಾತ್ರಿ ಎಂಟು ಗಂಟೆಗೂ ಬೀದಿಯಲ್ಲಿ ಆಡುತ್ತಾರೆ. ಮುಚ್ಚಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅಂಗಡಿ ತೆರೆದ ಹಾಗೆಯೇ ಆರೋಗ್ಯದ ಬಾಗಿಲನ್ನೂ ತೆರೆದಿಡಬೇಕಿತ್ತು. ಹೊರಟವರ ಹಿಂದೆ ಅವರ ಊರಿನ ಪುಸ್ಕೆಸ್ಮಾಸ್‌ಗೆ ಒಂದು ಚೀಟಿ ಹೋಗಬೇಕಿತ್ತು. ಮಾತ್ರೆ ತಗೊಳ್ಳುತ್ತಿದ್ದವರಿಗೆ ಮುಂದಿನ ಮಾತ್ರೆ ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಎದುರಿಗೆ ಕೂತು ಹೇಳಬೇಕಿತ್ತು. ಎಚ್‌ಐವಿ ಮಾತ್ರೆಯನ್ನು ದಿನವೂ ನುಂಗಬೇಕು. ನಡುವೆ ಬಿಟ್ಟರೆ ವೈರಸ್ ಮತ್ತೆ ಏಳುತ್ತದೆ. ತಪ್ಪದೆ ನುಂಗಿದರೆ ರಕ್ತದಲ್ಲಿ ಪತ್ತೆಗೇ ಸಿಗದಷ್ಟು ಇಳಿಯುತ್ತದೆ, ಆಮೇಲೆ ಸಂಗಾತಿಗೂ ಹರಡುವುದಿಲ್ಲ. ಪಾಪ ಪುಣ್ಯ ಯಾರು ಹೇಗೆ ಲೆಕ್ಕ ಹಾಕಿದರೂ ಈ ಮಾತು ಬದಲಾಗುವುದಿಲ್ಲ.

ಇದನ್ನೆಲ್ಲ ಬು ಹಾಜಿಗೆ ಹೇಳಿದೆ. ಅಂಗಡಿಗೆ ದಿನಕ್ಕೆ ಇಷ್ಟು ಹೆಂಗಸರು ಬರುತ್ತಾರೆ, ಕೌಂಟರ್ ಮೇಲೆ ಪರೀಕ್ಷೆಯ ವಿವರ ಇಡಿ ಅಂದೆ. ಒಂದು ಡಬ್ಬದಲ್ಲಿ ಕಾಂಡೋಮ್ ಇಡಿ ಅಂತಲೂ ಅಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕಾಂಡೋಮ್ ಬೇಡ, ಈ ಗೋಡೆಯ ಹೆಸರು ತೊಳೆಯಲು ಹನ್ನೊಂದು ವರ್ಷ ಹಿಡಿದಿದೆ ಅಂದರು. ನನಗೆ ಬೇಸರವಾಯಿತು, ಆದರೆ ಆ ಹನ್ನೊಂದು ವರ್ಷ ಅವರದು. ಕಾಗದ ಇಡುತ್ತೀರಾ ಅಂದೆ. ನೋಡೋಣ ಅಂದರು. ಎರಡು ತಿಂಗಳು ಆ ಮಾತೇ ಬರಲಿಲ್ಲ.

ಉಳಿದ ಸಾಮಾನುಗಳ ಬಗ್ಗೆ ಸ್ವಲ್ಪ. ಬಾಟಿಕ್ ಬಟ್ಟೆಯಲ್ಲಿ ಹರಳೆಲೆಯ ಚಿತ್ರ ಇರುವುದನ್ನು ತಗೊಳ್ಳಿ. ಪಕ್ಕದ ರಸ್ತೆಯ ಹೆಸರು ಜಾರಾಕ್, ಅಂದರೆ ಇಲ್ಲಿನ ಭಾಷೆಯಲ್ಲಿ ಹರಳು ಗಿಡ, ಅದಕ್ಕೇ ಆ ಎಲೆ. ಅಚ್ಚಿನ ಬಾಟಿಕ್ ಒಂದೂವರೆ ಲಕ್ಷ ರುಪಿಯಾದಿಂದ ಶುರು. ನಾನು ಅಮ್ಮನಿಗೆ ಕೊಂಡದ್ದು ಮೊದಲ ಒಗೆತದಲ್ಲಿ ಸ್ವಲ್ಪ ಬಣ್ಣ ಬಿಟ್ಟಿತು, ಆಮೇಲೆ ನಿಂತಿತು. ಉಪ್ಪು ನೀರಿನಲ್ಲಿ ನೆನೆಸಿ ಒಗೆಯಿರಿ. ಹೋಟೆಲ್‌ಗಳಿಗೆ ಮಾಡುವ ತೆಳು ಸ್ಲಿಪ್ಪರ್ ಬೇಡ, ಅದು ಎರಡು ದಿನದ ವಸ್ತು. ಮಕ್ಕಳ ಚಪ್ಪಲಿ ಅಂಚು ಒರಟಾಗಿದೆ, ಮಗಳ ಹಿಮ್ಮಡಿ ಉಜ್ಜಿ ಗುಳ್ಳೆ ಬಂತು. ಹೇಳಿದ್ದೇನೆ, ಸರಿ ಮಾಡುತ್ತೇವೆ ಅಂದಿದ್ದಾರೆ, ಇನ್ನೂ ಮಾಡಿಲ್ಲ. ಹೆಂಗಸರ ಸೈಜ್ ಇಲ್ಲಿ ಚಿಕ್ಕದಾಗಿ ಬರುತ್ತದೆ, ನಿಮ್ಮದಕ್ಕಿಂತ ಒಂದು ನಂಬರ್ ಜಾಸ್ತಿ ಕೇಳಿ. ಚೌಕಾಸಿ ಮಾಡಬೇಡಿ, ಬೆಲೆ ಈಗಲೇ ಕಡಿಮೆ. ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ಕೊಡಬಹುದು, ನಗದೂ ನಡೆಯುತ್ತದೆ.

ಮೊನ್ನೆ ನನ್ನ ನಾದಿನಿಗೆ ಅಂತ ಇನ್ನೊಂದು ಜೊತೆ ಕೊಂಡೆ, ಕಪ್ಪು, 39 ನಂಬರ್. ಮನೆಗೆ ಬಂದು ಕಾಗದದ ಚೀಲ ಬಿಚ್ಚಿದೆ. ಎರಡು ಚಪ್ಪಲಿಯ ನಡುವೆ ಒಂದು ಮಡಚಿದ ಹಾಳೆ. ಮೇಲುಗಡೆ ಬಿಪಿ, ಸಕ್ಕರೆ, ಬಸುರಿಯರ ತಪಾಸಣೆ. ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿರುತ್ತದೆ, ಪುಸ್ಕೆಸ್ಮಾಸ್‌ಗೆ ಬನ್ನಿ ಅಂತ ಇತ್ತು. ಫೋನ್ ಮಾಡಿ ಮ್ಬಾಕ್‌ನ ಕೇಳಿದೆ, ಇದು ನೀವು ಇಟ್ಟಿದ್ದಾ ಅಂತ. ಹಾಳೆ ತಂದವಳು ನಾನು, ಮಡಚಿ ಒಳಗೆ ಇಡುವವರು ಬು ಹಾಜಿ, ಮೇಲೆ ಕಾಣದ ಹಾಗೆ ಇಡಬೇಕು ಅಂತ ಅವರೇ ಹಟ ಹಿಡಿದರು ಅಂದರು. ಹೆಂಗಸರ ಚಪ್ಪಲಿಯ ಚೀಲಕ್ಕೆ ಮಾತ್ರ ಇಡುತ್ತಾರಂತೆ. ಗಂಡಸರದ್ದಕ್ಕೂ ಇಡಿ ಅಂತ ಹೇಳಬೇಕು. ಈ ಗುರುವಾರ ಹೋಗುತ್ತೇನೆ.